ಬೀದಿಯ ದೀಪವೂ ಅಸ್ತಮಾನದ ನಂತರದ ಬಾಳೂ

ನಮ್ಮ ಹಿರಿಯರ ಕಾಲದಲ್ಲಿ ಮುಸ್ಸಂಜೆಯೆಂದರೆ ಹೆಣ್ಣುಮಕ್ಕಳು ಮನೆ ಸೇರಬೇಕಾದ ಹೊತ್ತು. ಬೆಂಗಳೂರಿನ ಬೀದಿಗಳಲ್ಲಿ ಆಗ ಇದ್ದುವು ಸೀಮೆಎಣ್ಣೆಯ ದೀಪಗಳು. ಅವುಗಳ ಬೆಳಕು ಕಂಬದ ಬುಡವನ್ನು ತೋರಿಸುತ್ತಿತ್ತೇ ಹೊರತು ಮುಂದಿನ ದಾರಿಯನ್ನು ತೋರಿಸುತ್ತಿರಲಿಲ್ಲ. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಉತ್ಪನ್ನವಾದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಮೂರು ವರ್ಷಗಳ ತರುವಾಯ, 1905ನೆಯ ಆಗಸ್ಟ್ 5ರಂದು, ಈಗಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ ವಿದ್ಯುತ್ತಿನ ಬೀದಿದೀಪವು ಬೆಳಗಿತು. ಚಿನ್ನಕ್ಕೆ ಮೊದಲು, ಜನಕ್ಕೆ ಆಮೇಲೆ ಎಂಬ ಈ ಕ್ರಮವನ್ನು ನೆನೆದು ನಾವು ಒಮ್ಮೊಮ್ಮೆ ನಗುವುದುಂಟು.

ಬೆಳಕು ಬಂದ ಮೇಲೆ ಊರಿನ ದಿನವು ನೀಳವಾಯಿತು. ಇದಕ್ಕೆ ಗಾಂಧಿನಗರಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಅದರ ಸುತ್ತ ಚಿತ್ರಮಂದಿರಗಳೂ ವಸತಿಗೃಹಗಳೂ ಬೆಳೆದುವು. ಅವುಗಳ ಪೈಕಿ ಕೆಲವು ಚಿತ್ರಮಂದಿರಗಳು ಈಗ ನೆಲಸಮವಾಗಿದ್ದರೂ, ರಾತ್ರಿಯ ಎರಡನೆಯ ಆಟ ಮುಗಿಸಿ ಕುಟುಂಬಗಳು ನಡೆದು ಮನೆಗೆ ಹೋಗುತ್ತಿದ್ದುದು ಬೀದಿದೀಪದ ಧೈರ್ಯದಿಂದಲೇ. ಹೂವಿನವಳ ಬುಟ್ಟಿ ಖಾಲಿಯಾಗುವುದೂ ದೀಪ ಹೊತ್ತಿದ ಮೇಲೆಯೇ.

ಮದರಾಸು ಹೈಕೋರ್ಟಿನ ನ್ಯಾಯಾಧೀಶರಾದ ಟಿ. ಮುತ್ತುಸ್ವಾಮಿ ಅಯ್ಯರವರು ಬಾಲ್ಯದಲ್ಲಿ ಬೀದಿದೀಪದ ಕೆಳಗೆ ಕುಳಿತು ಓದಿದರೆಂಬ ಕಥೆಯನ್ನು ಉಪಾಧ್ಯಾಯರು ಹೇಳುತ್ತಲೇ ಬಂದಿದ್ದಾರೆ. ಇಂಥ ಕಥೆಗಳಲ್ಲಿ ಓದುವವನು ಯಾವಾಗಲೂ ಹುಡುಗನೇ. ಹುಡುಗಿಯೊಬ್ಬಳು ರಾತ್ರಿ ಬೀದಿಕಂಬದ ಕೆಳಗೆ ಓದಿದ ಕಥೆಯನ್ನು ನಾವು ಕೇಳಿಲ್ಲ. ಆಕೆಗೆ ದೀಪವು ಓದುವುದಕ್ಕಲ್ಲ, ಸಂಗೀತದ ಪಾಠದಿಂದಲೋ ಗ್ರಂಥಾಲಯದಿಂದಲೋ ಮನೆಗೆ ಹಿಂದಿರುಗುವುದಕ್ಕೆ ಬೇಕು.

ಈಗ ಬಂದಿರುವ ಸೌರದೀಪದ ಮರ್ಮವನ್ನು ವಾಚಕರಿಗೆ ಸ್ವಲ್ಪ ತಿಳಿಸುವೆವು. ಕಂಬದ ತುದಿಯಲ್ಲಿರುವ ಸಿಲಿಕಾನಿನ ಫಲಕವು ಬಿಸಿಲನ್ನು ವಿದ್ಯುತ್ತಾಗಿ ಮಾಡುತ್ತದೆ; ಬ್ಯಾಟರಿಯು ಅದನ್ನು ಕೂಡಿಡುತ್ತದೆ. ಕತ್ತಲಾದಾಗ ಫಲಕದ ವಿದ್ಯುದೊತ್ತಡ ಕುಸಿಯುತ್ತದೆ. ಅದನ್ನೇ ಸನ್ನೆಯಾಗಿ ತಿಳಿದು ನಿಯಂತ್ರಕವು ದೀಪವನ್ನು ಹೊತ್ತಿಸುತ್ತದೆ. ಏಣಿ ಹೊತ್ತ ಆಳಿನ ಕೆಲಸವನ್ನು ಸೂರ್ಯನೇ ವಹಿಸಿಕೊಂಡನೆನ್ನಬಹುದು! 20 ವಾಟಿನ ಎಲ್‌ಇಡಿ ದೀಪವು 12 ಗಂಟೆ ಉರಿದರೆ 240 ವಾಟ್-ಗಂಟೆ ಬೇಕು. ದಿನಕ್ಕೆ 4 ಗಂಟೆಯ ಪೂರ್ಣ ಬಿಸಿಲೆಂದು ಲೆಕ್ಕ ಹಿಡಿದರೆ 60 ವಾಟಿನ ಫಲಕ ಸಾಕೆಂದು ತೋರುವುದು. ಆದರೆ ದಾರಿಯಲ್ಲಿ ಸೋರಿಹೋಗುವುದನ್ನು ಸೇರಿಸಿ 80 ಅಥವಾ 90 ವಾಟಿನದನ್ನು ಇಡಬೇಕು. ಮೋಡದ ಎರಡು ದಿನಗಳನ್ನು ದಾಟಿಸಲು ಬ್ಯಾಟರಿಯೂ ದೊಡ್ಡದಿರಬೇಕು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಫಲಕವನ್ನು ದಕ್ಷಿಣಕ್ಕೆ ಸ್ವಲ್ಪ ಬಾಗಿಸಿ ನಿಲ್ಲಿಸುತ್ತಾರೆ.

ಇಷ್ಟಾದರೂ ಗಾಂಧಿನಗರದ ಪ್ರತಿ ಕಂಬಕ್ಕೂ ಸೌರಫಲಕ ಬೇಕೆಂದು ನಾವು ಹೇಳಲಾರೆವು. ಎತ್ತರದ ಕಟ್ಟಡಗಳ ನಡುವಣ ಓಣಿಗೆ ಬಿಸಿಲು ಬೀಳುವುದೇ ಅಪರೂಪ. ಮರಗಳ ನೆರಳೂ ಅಡ್ಡಿ. ಅಲ್ಲಿ ತಂತಿಯ ದೀಪವೇ ಮೇಲು. ಉದ್ಯಾನದ ಬಯಲಿಗೆ, ತಂತಿ ತಲುಪದ ಹಾಡಿಗೆ, ಹೊಲದ ನಡುವಣ ಕೇರಿಗೆ ಸೌರದೀಪ ತಕ್ಕದ್ದು. ಧೂಳು ಒರೆಸುವವರಿಲ್ಲದೆ, ಸತ್ತ ಬ್ಯಾಟರಿಯನ್ನು ಬದಲಿಸುವವರಿಲ್ಲದೆ ನಿಂತ ಕಂಬಗಳನ್ನು ನಾವು ಕಂಡಿದ್ದೇವೆ. ಉದ್ಘಾಟನೆಗೆ ಬಂದ ಹೂಮಾಲೆಗಿಂತ ಸ್ವಲ್ಪವೇ ಹೆಚ್ಚು ಕಾಲ ಬಾಳಿದುವು.

ಬೆಂಗಳೂರಿನಲ್ಲಿ 1995ರಲ್ಲಿ ಆರಂಭವಾದ ಸೆಲ್ಕೊ ಸಂಸ್ಥೆಯವರು ಈ ತೊಡಕನ್ನು ಚೆನ್ನಾಗಿ ಅರಿತಿದ್ದರು. ಬೀದಿಯ ವ್ಯಾಪಾರಿಗೆ ಫಲಕವನ್ನು ಮಾರುವ ಬದಲು, ಹಗಲು ಬಿಸಿಲಿನಲ್ಲಿ ಬ್ಯಾಟರಿಗಳನ್ನು ತುಂಬಿ ಸಂಜೆ ತಳ್ಳುಗಾಡಿಗಳಿಗೆ ಬಾಡಿಗೆಗೆ ಕೊಡುವ ಒಬ್ಬ ಉದ್ಯಮಿಯನ್ನು ನಿಲ್ಲಿಸಿದರು. ಅಂದಂದಿನ ಗಳಿಕೆಯಿಂದ ಅಂದಂದಿನ ಬೆಳಕು. ಬ್ಯಾಟರಿ ಕೆಟ್ಟರೆ ಚಿಂತೆ ಬಾಡಿಗೆ ಕೊಟ್ಟವನದು. ತರಕಾರಿಯ ಮೇಲೆ ಸೀಮೆಎಣ್ಣೆಯ ಹೊಗೆಯೂ ಇಲ್ಲ. ಈ ಸಂಸ್ಥೆಯ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಲಭಿಸಿತು.

ಒಂದು ಮಳೆಗಾಲದ ಸಂಜೆ ನಮ್ಮ ಹುಡುಗಿಯರ ನಾಟಕದ ಅಭ್ಯಾಸ ಮುಗಿಯುವಷ್ಟರಲ್ಲಿ ವಿದ್ಯುತ್ತು ಹೋಯಿತು. ಬೀದಿಯ ಸಾಲುದೀಪಗಳೆಲ್ಲ ಒಮ್ಮೆಗೇ ಆರಿದುವು. ತಿರುವಿನಲ್ಲಿ ಒಂದೇ ಒಂದು ಸೌರದೀಪ ಮಾತ್ರ ತನ್ನ ಪಾಡಿಗೆ ಉರಿಯುತ್ತಿತ್ತು. ಗೇಟಿನಿಂದ ಅಲ್ಲಿಯ ತನಕ ಇಪ್ಪತ್ತು ಹೆಜ್ಜೆಯನ್ನು ನಾವು ಕೈಕೈ ಹಿಡಿದು ನಡೆದೆವು. ಕರೆದೊಯ್ಯಲು ಬಂದ ತಂದೆಯರೂ ಅಣ್ಣಂದಿರೂ ಅದರ ಕೆಳಗೇ ನಿಂತಿದ್ದರು. ಕಡಲೆಕಾಯಿ ಮಾರುವವಳು ಕೂಡ ತನ್ನ ಬುಟ್ಟಿಯನ್ನು ಅಲ್ಲಿಗೆ ಸರಿಸಿಕೊಂಡಿದ್ದಳು. ದೀಪಗಳು ಮರಳಿ ಹೊತ್ತುವ ವೇಳೆಗೆ ಅವಳ ಕಡಲೆಕಾಯಿ ಮುಗಿದಿತ್ತು.