ಅಂಗನವಾಡಿಯ ಅಂಗಳದಲ್ಲಿ ಎಲೆ, ಹೂ, ಮಣ್ಣಿನ ಕಲೆ: ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ 1975ರ ಅಕ್ಟೋಬರ್ 2ರಂದು ನಮ್ಮ ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ 100 ಅಂಗನವಾಡಿ ಕೇಂದ್ರಗಳೊಂದಿಗೆ ಆರಂಭವಾಯಿತು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆಗಳ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಈ ಯೋಜನೆಯ ಅಂಗವಾಗಿದೆ. ಕೇಂದ್ರಕ್ಕೆ ಭೇಟಿ ನೀಡುವ ಸದಸ್ಯರು ಆಹಾರ, ತೂಕ, ಹಾಜರಾತಿಗಳನ್ನು ವಿಚಾರಿಸುವುದು ರೂಢಿ. ಮಕ್ಕಳು ಅಂಗಳದಲ್ಲಿ ಏನು ಮಾಡುತ್ತಾರೆಂಬುದನ್ನೂ ವಿಚಾರಿಸುವುದು ಅಷ್ಟೇ ಅವಶ್ಯಕ.

ಉದುರಿದ ಎಲೆ, ಹೂ, ಕಡ್ಡಿ, ಕಲ್ಲು, ಮಣ್ಣುಗಳಿಂದ ನೆಲದ ಮೇಲೆ ಆಕೃತಿಗಳನ್ನು ರಚಿಸುವುದೇ ನಿಸರ್ಗ ಕಲೆ. ಇದು ನಮಗೆ ಹೊಸದಲ್ಲ. ಬಾಗಿಲ ಮುಂದಿನ ಹೂವಿನ ರಂಗೋಲಿ, ತೆಂಗಿನ ಗರಿಯ ಹಾವು ಮತ್ತು ಪೀಪಿ, ಕೆರೆಮಣ್ಣಿನ ಎತ್ತು ಇವೆಲ್ಲವೂ ಇದೇ ಬಗೆಯವು. ಇದಕ್ಕೆ ಬಣ್ಣದ ಪೆಟ್ಟಿಗೆಯಾಗಲಿ, ಪ್ರತ್ಯೇಕ ಅನುದಾನವಾಗಲಿ ಬೇಕಿಲ್ಲ.

ಇದರಿಂದಾಗುವ ಕಲಿಕೆ ಗಣನೀಯವಾದುದು. ಎಲೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುವ ಮಗು ಗಾತ್ರ ಮತ್ತು ಕ್ರಮವನ್ನು ಅರಿಯುತ್ತದೆ. ಹತ್ತು ಹೊಂಗೆಕಾಯಿಗಳನ್ನು ಸುತ್ತಲೂ ಇಡುವಾಗ ಎಣಿಕೆಯು ಕೈಗೆ ಬರುತ್ತದೆ. ಮಣ್ಣನ್ನು ನಾದಿ ಉಂಡೆ ಕಟ್ಟುವ ಬೆರಳುಗಳು ಮುಂದೆ ಬಳಪ ಹಿಡಿಯಲು ಬಲಗೊಳ್ಳುತ್ತವೆ. 3ರಿಂದ 8 ವರ್ಷದ ಮಕ್ಕಳಿಗಾಗಿ 2022ರಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಹ ಆಟದ ಮೂಲಕ ಕಲಿಕೆಗೆ ಒತ್ತು ನೀಡಿದೆ.

ಕಾರ್ಯಕರ್ತೆಯು ಮಾದರಿಯೊಂದನ್ನು ರಚಿಸಿ ಅದನ್ನೇ ನಕಲು ಮಾಡಿಸಬೇಕಾಗಿಲ್ಲ. ಬಿಸಿಲೇರುವ ಮುನ್ನ ಅರ್ಧ ಗಂಟೆ ಮಕ್ಕಳನ್ನು ನೆರಳಿಗೆ ಕರೆದೊಯ್ದು, ನೆಲಕ್ಕೆ ಬಿದ್ದದ್ದನ್ನು ಮಾತ್ರ ಆಯಿಸಿ, ಜೋಡಿಸಲು ಬಿಟ್ಟು, ಅನಂತರ ಮಗು ತಾನು ಮಾಡಿದ್ದನ್ನು ಕುರಿತು ಹೇಳುವುದನ್ನು ಆಲಿಸಿದರೆ ಸಾಕು. ಮನೆಯಲ್ಲಿ ಬೇರೆ ನುಡಿಯನ್ನಾಡುವ ಮಗುವಿಗೂ ಆಗ ಮಾತು ಮೂಡುತ್ತದೆ.

ಆದರೆ ಆಯುವ ಸ್ಥಳವು ಸುರಕ್ಷಿತವಾಗಿರಬೇಕು. ಗುಲಗಂಜಿ, ಹರಳು ಮತ್ತು ದತ್ತೂರಿಯ ಬೀಜಗಳು ವಿಷಕಾರಿ. ಕಣಗಿಲೆಯ ಎಲ್ಲ ಭಾಗಗಳೂ ವಿಷಪೂರಿತ. ಎಕ್ಕದ ಹಾಲು ಕಣ್ಣಿಗೆ ಹಾನಿ ಮಾಡುತ್ತದೆ. ಪಾರ್ಥೇನಿಯಂ ಕಳೆಯು ಚರ್ಮದ ತುರಿಕೆಗೂ ಉಸಿರಾಟದ ತೊಂದರೆಗೂ ಕಾರಣವಾಗುತ್ತದೆ. 3 ವರ್ಷದೊಳಗಿನ ಮಕ್ಕಳು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವುದರಿಂದ, ಗಂಟಲಿನಲ್ಲಿ ಸಿಲುಕಬಹುದಾದ ಹುಣಸೆಬೀಜ, ಸಣ್ಣ ಕಲ್ಲುಗಳನ್ನು ಅವರಿಗೆ ನೀಡಬಾರದು.

ಇಲ್ಲಿಯೇ ಪಂಚಾಯಿತಿಯ ಪಾತ್ರವಿರುವುದು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯು ಸಂವಿಧಾನದ 11ನೆಯ ಅನುಸೂಚಿಯ 25ನೆಯ ವಿಷಯ. ಕಾರ್ಯಕರ್ತೆಗೆ ಉತ್ಸಾಹವಿದ್ದರೂ ಅಂಗಳದಲ್ಲಿ ಮಣ್ಣು, ಮರ, ನೀರು ಇಲ್ಲದಿದ್ದರೆ ಆಕೆ ಏನನ್ನೂ ಮಾಡಲಾರಳು. ಅಂಗಳಕ್ಕೆಲ್ಲ ಕಾಂಕ್ರೀಟು ಸುರಿದರೆ ಅದು ನೋಡಲು ಅಚ್ಚುಕಟ್ಟೆನಿಸಬಹುದು. ಮಗುವಿನ ಪಾಲಿಗೆ ಅಲ್ಲಿ ಆಯಲು, ಅಗೆಯಲು ಏನೂ ಉಳಿಯದು. ಆದುದರಿಂದ ಸದಸ್ಯರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಸೂಕ್ತ:

1. ಹೊಸ ಕಟ್ಟಡ ಅಥವಾ ದುರಸ್ತಿಯ ನಕ್ಷೆಯನ್ನು ಒಪ್ಪುವ ಮೊದಲು, ನಡೆದಾಡುವ ದಾರಿಯನ್ನು ಬಿಟ್ಟು ಉಳಿದ ಅಂಗಳದಲ್ಲಿ ಮಣ್ಣಿನ ನೆಲವನ್ನು ಉಳಿಸುವುದು.
2. ಹೊಂಗೆ, ಬೇವು, ಹಲಸು ಮುಂತಾದ ನೆರಳಿನ ಮರಗಳನ್ನು ಮುಂಗಾರಿನಲ್ಲಿ ನೆಡಿಸಿ, ಬೇಸಿಗೆಯಲ್ಲಿ ನೀರುಣಿಸುವವರನ್ನು ಗೊತ್ತುಪಡಿಸುವುದು.
3. ಮೇಲೆ ಹೇಳಿದ ವಿಷಗಿಡಗಳನ್ನೂ ಪಾರ್ಥೇನಿಯಂ ಕಳೆಯನ್ನೂ ಬೇರುಸಹಿತ ತೆಗೆಸುವುದು. ಗಾಜಿನ ಚೂರು, ತಂತಿ, ಕಸವನ್ನು ವಿಲೇವಾರಿ ಮಾಡಿಸುವುದು.
4. ಸುತ್ತುಗೋಡೆ ಅಥವಾ ಬೇಲಿ, ಕೈತೊಳೆಯಲು ನೀರು ಮತ್ತು ಸಾಬೂನು ಇರುವಂತೆ ನೋಡಿಕೊಳ್ಳುವುದು.
5. ಅಂಗಳದಲ್ಲಿ ಮಕ್ಕಳು ಮಣ್ಣು ಮುಟ್ಟಿದರೆಂದು ಪೋಷಕರು ಆಕ್ಷೇಪಿಸಿದಲ್ಲಿ, ಗ್ರಾಮಸಭೆಯಲ್ಲಿ ಇದರ ಪ್ರಯೋಜನವನ್ನು ತಿಳಿಸಿ ಕಾರ್ಯಕರ್ತೆಯ ಬೆಂಬಲಕ್ಕೆ ನಿಲ್ಲುವುದು.

ಮಕ್ಕಳು ರಚಿಸಿದ ಆಕೃತಿಗಳು ಸಂಜೆಯ ಗಾಳಿಗೆ ಚದುರಿಹೋಗುತ್ತವೆ. ಅವುಗಳನ್ನು ಕಾದಿಡುವ ಅಗತ್ಯವಿಲ್ಲ; ಮರುದಿನ ಮತ್ತೆ ರಚಿಸಲು ನೆಲವನ್ನು ಕಾದಿಟ್ಟರೆ ಸಾಕು. ಮಾನ್ಯ ಸದಸ್ಯರು ಮುಂದಿನ ಭೇಟಿಯಲ್ಲಿ ತಮ್ಮ ವಾರ್ಡಿನ ಅಂಗನವಾಡಿಯ ಅಂಗಳವನ್ನು ಖುದ್ದಾಗಿ ಪರಿಶೀಲಿಸಿ, ಆಗಬೇಕಾದ ಕೆಲಸಗಳನ್ನು ಪಂಚಾಯಿತಿ ಸಭೆಯ ಗಮನಕ್ಕೆ ತರಬೇಕೆಂದು ಕೋರಲಾಗಿದೆ.