ಫೈನಲ್ ಇಲ್ಲದ ರೇಸ್: ಕೇಂಬ್ರಿಡ್ಜ್ ದೋಣಿಗಳ ಓಪನಿಂಗ್ ಬ್ಯಾಲೆನ್ಸ್

ಬಸ್ಸಲ್ಲಿ ಕಂಬಿ ಹಿಡ್ಕೊಂಡು ನಿಂತಿದ್ದೀರೋ, ರಾತ್ರಿ ಊಟ ಮುಗಿಸಿ ಇಯರ್‌ಫೋನ್ ಹಾಕ್ಕೊಂಡು ಮಲಗಿದ್ದೀರೋ ಗೊತ್ತಿಲ್ಲ. ಇವತ್ತು ಒಂದು ವಿಚಿತ್ರ ರೇಸ್ ಬಗ್ಗೆ ಮಾತಾಡೋಣ. ಈ ರೇಸಿಗೆ ಫೈನಲ್ ಇಲ್ಲ. ಎಷ್ಟು ನಿಮಿಷದಲ್ಲಿ ಮುಗಿಸಿದ್ರಿ ಅಂತ ಯಾರೂ ಕೇಳಲ್ಲ. ಮುಂದಿರೋ ದೋಣಿಗೆ ಹಿಂದಿನಿಂದ ಹೋಗಿ ತಾಗಿಸಿದ್ರೆ ಗೆದ್ದ ಹಾಗೆ. ಇದರ ಹೆಸರು ಬಂಪ್ಸ್. ನಡೆಯೋದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ.

ಕೇಂಬ್ರಿಡ್ಜ್, ರೋಯಿಂಗ್ ಅಂದ ತಕ್ಷಣ ನಿಮಗೆ ಆಕ್ಸ್‌ಫರ್ಡ್ ಜೊತೆಗಿನ ಬೋಟ್ ರೇಸ್ ನೆನಪಾಗಬಹುದು. 1829ರಲ್ಲಿ ಶುರುವಾದ ಪಂದ್ಯ ಅದು. ಈಗ ಲಂಡನ್ನಿನ ಥೇಮ್ಸ್ ನದಿಯಲ್ಲಿ ಪಟ್ನಿಯಿಂದ ಮಾರ್ಟ್‌ಲೇಕ್‌ವರೆಗೆ, ಸುಮಾರು 6.8 ಕಿಲೋಮೀಟರ್. ಅದು ಟಿವಿಯಲ್ಲಿ ಬರುತ್ತೆ, ದಡದಲ್ಲಿ ಜನಜಾತ್ರೆ ಸೇರುತ್ತೆ. ಆದರೆ ಆ ದೋಣಿಯಲ್ಲಿ ಜಾಗ ಇರೋದು ಒಂಬತ್ತು ಜನಕ್ಕೆ ಮಾತ್ರ. ಉಳಿದವರು ಏನ್ ಮಾಡ್ತಾರೆ?

ಉಳಿದವರಿಗೆ ಕಾಲೇಜ್ ಕ್ಲಬ್ ಇದೆ. ಕೇಂಬ್ರಿಡ್ಜ್ ಯೂನಿವರ್ಸಿಟಿಯೊಳಗೆ 31 ಕಾಲೇಜುಗಳಿವೆ, ಹೆಚ್ಚುಕಮ್ಮಿ ಎಲ್ಲಕ್ಕೂ ತಮ್ಮದೇ ದೋಣಿ ಕ್ಲಬ್. ಇದರಲ್ಲಿ ಸೇಂಟ್ ಜಾನ್ಸ್ ಕಾಲೇಜಿನ ಲೇಡಿ ಮಾರ್ಗರೆಟ್ ಬೋಟ್ ಕ್ಲಬ್ ಹುಟ್ಟಿದ್ದು 1825ರಲ್ಲಿ, ಅಂದ್ರೆ ಬೋಟ್ ರೇಸಿಗಿಂತಲೂ ಮುಂಚೆ. ಇವರ ಕೆಂಡದಂಥ ಕೆಂಪು ಕೋಟಿನಿಂದಲೇ 'ಬ್ಲೇಜರ್' ಅನ್ನೋ ಪದ ಬಂತು ಅಂತ ಒಂದು ಮಾತಿದೆ. ನಾವು ಇಂಟರ್‌ವ್ಯೂಗೆ ಹಾಕ್ಕೊಂಡು ಹೋಗ್ತೀವಲ್ಲ, ಅದೇ ಬ್ಲೇಜರ್.

ಈಗ ಸಮಸ್ಯೆ ಏನಪ್ಪಾ ಅಂದ್ರೆ, ಅಲ್ಲಿನ ಕ್ಯಾಮ್ ನದಿ ತುಂಬಾ ಕಿರಿದು, ಮೇಲಿಂದ ಅಂಕುಡೊಂಕು. ಎಂಟು ಜನರ ದೋಣಿ ಅಂದ್ರೆ ಸುಮಾರು 17, 18 ಮೀಟರ್ ಉದ್ದ, ಎರಡೂ ಕಡೆ ಹುಟ್ಟುಗಳು ಚಾಚಿಕೊಂಡಿರ್ತವೆ. ಇಷ್ಟೊಂದು ದೋಣಿಗಳನ್ನ ಅಕ್ಕಪಕ್ಕ ಓಡಿಸೋಕೆ ಜಾಗ ಎಲ್ಲಿ? ಹಾಗಾಗಿ ಒಂದರ ಹಿಂದೆ ಒಂದು ನಿಲ್ಲಿಸಿದರು. 1827ರಿಂದ ಕೇಂಬ್ರಿಡ್ಜ್‌ನಲ್ಲಿ ಈ ಪದ್ಧತಿ ಇದೆ.

ಆಟ ಹೀಗೆ ನಡೆಯುತ್ತೆ. ಒಂದು ಡಿವಿಷನ್‌ಗೆ ಸಾಮಾನ್ಯವಾಗಿ 17 ದೋಣಿ. ಎರಡು ದೋಣಿಗಳ ನಡುವೆ ಒಂದೂವರೆ ದೋಣಿಯಷ್ಟು ಅಂತರ. ಮೊದಲ ತೋಪು ಹಾರಿದರೆ ಇನ್ನು ನಾಲ್ಕು ನಿಮಿಷ. ಎರಡನೇದು ಹಾರಿದರೆ ಒಂದು ನಿಮಿಷ. ಮೂರನೇದಕ್ಕೆ ಎಲ್ಲಾ ದೋಣಿಗಳೂ ಒಟ್ಟಿಗೇ ಹೊರಡ್ತವೆ. ಮುಂದಿನ ದೋಣಿಯನ್ನ ನೀವು ತಾಗಿಸಬೇಕು, ಅಷ್ಟರೊಳಗೆ ಹಿಂದಿನವರು ನಿಮ್ಮನ್ನ ತಾಗಿಸಬಾರದು. ತಾಗಿದ ತಕ್ಷಣ ಎರಡೂ ದೋಣಿ ದಡಕ್ಕೆ ಸರೀಬೇಕು. ಮಾರನೇ ದಿನ ಅವರಿಬ್ಬರ ಸ್ಥಾನ ಅದಲುಬದಲು. ಯಾರೂ ಸಿಗದೆ, ಯಾರಿಗೂ ಸಿಕ್ಕಿಬೀಳದೆ ಕೊನೆವರೆಗೂ ಹೋದರೆ ಇದ್ದ ಸ್ಥಾನವೇ ಗಟ್ಟಿ.

ಇಲ್ಲೊಂದು ಮಜಾ ಇದೆ. ಹುಟ್ಟು ಹಾಕೋ ಎಂಟೂ ಜನ ದೋಣಿ ಹೋಗೋ ದಿಕ್ಕಿಗೆ ಬೆನ್ನು ಹಾಕಿ ಕೂತಿರ್ತಾರೆ. ಅಂದ್ರೆ ಇವರು ಹಿಡೀಬೇಕಾದ ದೋಣಿ ಇವರಿಗೆ ಕಾಣಲ್ಲ. ಇವರನ್ನ ಅಟ್ಟಿಸಿಕೊಂಡು ಬರ್ತಿರೋ ದೋಣಿ ಮಾತ್ರ ಕಣ್ಣೆದುರಿಗೇ ದೊಡ್ಡದಾಗ್ತಾ ಬರುತ್ತೆ! ಮುಂದೆ ನೋಡೋದು ಚುಕ್ಕಾಣಿ ಹಿಡಿದ ಕಾಕ್ಸ್ ಒಬ್ಬರೇ. ದಡದ ಮೇಲೆ ಸೈಕಲ್ಲಲ್ಲಿ ಬರೋ ಕೋಚ್ ಸೀಟಿ ಊದಿ ಲೆಕ್ಕ ಕೊಡ್ತಾರೆ. ಮುಂದಿನ ದೋಣಿ ಹತ್ತಿರ ಆದಷ್ಟೂ ಸೀಟಿಗಳು ಜಾಸ್ತಿ. ಎಂಟು ಜನ ಆ ಸದ್ದನ್ನ ನಂಬಿ ಹುಟ್ಟು ಎಳೀತಾರೆ.

ಡಿಕ್ಕಿ ಅಂದ್ರೆ ತಮಾಷೆ ಅನ್ಕೋಬೇಡಿ. 1888ರಲ್ಲಿ ಹೀಗೇ ರೇಸ್ ನಡೀವಾಗ ಇನ್ನೊಂದು ದೋಣಿಯ ಚೂಪು ಮೂತಿ ಬಡಿದು ಕ್ಲೇರ್ ಕಾಲೇಜಿನ ವಿದ್ಯಾರ್ಥಿಯೊಬ್ಬ ಸತ್ತುಹೋದ. ಈಗ ರೇಸ್ ದೋಣಿಯ ಮೂತಿಗೆ ರಬ್ಬರ್ ಚೆಂಡು ಇರಲೇಬೇಕು.

ಈಗ ನನ್ನನ್ನ ಹಿಡಿದು ನಿಲ್ಲಿಸಿದ ವಿಷಯಕ್ಕೆ ಬರ್ತೀನಿ. ನಾನು ಓದಿದ್ದು ಬಿಕಾಂ. ಈ ವರ್ಷದ ಕ್ಲೋಸಿಂಗ್ ಬ್ಯಾಲೆನ್ಸೇ ಮುಂದಿನ ವರ್ಷದ ಓಪನಿಂಗ್ ಬ್ಯಾಲೆನ್ಸ್, ಇದು ನಮಗೆ ಮೊದಲ ಸೆಮಿಸ್ಟರಿನ ಪಾಠ. ಬಂಪ್ಸ್ ಕೂಡ ಹಾಗೇ! ಜೂನ್‌ನಲ್ಲಿ ನಾಲ್ಕು ದಿನ 'ಮೇ ಬಂಪ್ಸ್' ನಡೆಯುತ್ತೆ. ಹೌದು, ಹೆಸರು ಮೇ, ನಡೆಯೋದು ಜೂನ್. ನಾಲ್ಕನೇ ದಿನ ನಿಮ್ಮ ದೋಣಿ ಯಾವ ಸ್ಥಾನದಲ್ಲಿ ಮುಗಿಸ್ತೋ, ಮುಂದಿನ ವರ್ಷ ನಿಮ್ಮ ಜೂನಿಯರ್‌ಗಳು ಅಲ್ಲಿಂದಲೇ ಹೊರಡಬೇಕು. ಯಾರೂ ಸೊನ್ನೆಯಿಂದ ಶುರು ಮಾಡಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಮೂರು ಡಿವಿಷನ್ ಅಂದ್ರೆ 51 ದೋಣಿ. ನೀವು 51ನೇ ಸ್ಥಾನದಲ್ಲಿದ್ದೀರಿ ಅಂತ ಇಟ್ಕೊಳ್ಳಿ. ದಿನಕ್ಕೊಂದು ಸ್ಥಾನದಂತೆ ನಾಲ್ಕು ದಿನಕ್ಕೆ ನಾಲ್ಕು. ಮೊದಲ ಸ್ಥಾನಕ್ಕೆ ಬರೋಕೆ 50 ಸಲ ತಾಗಿಸಬೇಕು, ಅಂದ್ರೆ ಒಂದು ದಿನವೂ ಸೋಲದೆ 13 ವರ್ಷ. ಮುಂದಿನ ಇಬ್ಬರು ಪರಸ್ಪರ ತಾಗಿಸಿಕೊಂಡು ಹೊರಗೆ ಹೋದರೆ, ಅವರಾಚೆಗಿನ ದೋಣಿಯನ್ನ ಹಿಡಿದು ಒಂದೇ ದಿನ ಮೂರು ಸ್ಥಾನ ಹಾರಬಹುದು, ಆದರೆ ಅದು ಅಪರೂಪ. ಡಿಗ್ರಿ ಇರೋದೇ ಮೂರು ವರ್ಷ. ಆ ಲೆಕ್ಕದಲ್ಲಿ ಒಬ್ಬ ವಿದ್ಯಾರ್ಥಿ ಏರಬಹುದಾದ್ದು 12 ಸ್ಥಾನ. ತಳದಿಂದ ತುದಿಗೆ ಒಬ್ಬರೇ ಹೋಗೋಕೆ ಆಗೋದೇ ಇಲ್ಲ. ನಾಲ್ಕೈದು ಬ್ಯಾಚ್ ಸೇರಬೇಕು, ಅವರಲ್ಲಿ ಹಲವರು ಒಬ್ಬರ ಮುಖ ಒಬ್ಬರು ನೋಡಿರೋದೂ ಇಲ್ಲ.

ಹಾಗಂತ ಆ ವರ್ಷದವರಿಗೆ ಏನೂ ಇಲ್ಲ ಅಂತಲ್ಲ. ನಾಲ್ಕೂ ದಿನ ಮುಂದಿನವರನ್ನ ತಾಗಿಸಿದರೆ 'ಬ್ಲೇಡ್ಸ್' ಗೆದ್ದ ಹಾಗೆ. ತಂಡದವರ ಹೆಸರು ಬರೆಸಿದ ಹುಟ್ಟನ್ನ ಮನೆ ಗೋಡೆಗೆ ತೂಗುಹಾಕಬಹುದು. ನಾಲ್ಕೂ ದಿನ ತಾಗಿಸಿಕೊಂಡರೆ? 'ಸ್ಪೂನ್ಸ್', ಅಂದ್ರೆ ಚಮಚ! ತಾಗಿಸಿದ ದಿನ ದಡದ ಸೊಪ್ಪು, ಕೊಂಬೆ ಕಿತ್ತು ಮೈಗೆಲ್ಲಾ ಸಿಕ್ಕಿಸಿಕೊಂಡು ವಾಪಸ್ ಬರ್ತಾರೆ, ಥೇಟ್ ನಮ್ಮೂರ ಜಾತ್ರೆ ವೇಷದ ಥರ. ದುಡ್ಡಿನ ಬಹುಮಾನ ಮಾತ್ರ ಇಲ್ಲ. 1974ರಲ್ಲಿ ಹೆಣ್ಣುಮಕ್ಕಳ ಬಂಪ್ಸ್ ನಾಲ್ಕು ಜನರ ದೋಣಿಗಳಲ್ಲಿ ಶುರುವಾಯ್ತು. ಈಗ ಅವರೂ ಎಂಟು ಜನರ ದೋಣಿಯಲ್ಲೇ ಇಳೀತಾರೆ.

ಈ ಪದ್ಧತಿಗೆ ನಿಜವಾದ ಪರೀಕ್ಷೆ ಬಂದಿದ್ದು ಕೋವಿಡ್‌ನಲ್ಲಿ. 2020, 2021 ಎರಡೂ ವರ್ಷ ಮೇ ಬಂಪ್ಸ್ ನಡೀಲಿಲ್ಲ. 2022ರಲ್ಲಿ ಮತ್ತೆ ನದಿಗೆ ಇಳಿದಾಗ ಹಳೇ ಪಟ್ಟಿ ತೆಗೆದರು. 2019ರಲ್ಲಿ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರು. ಯೋಚನೆ ಮಾಡಿ, 2019ರಲ್ಲಿ ಫಸ್ಟ್ ಇಯರ್ ಇದ್ದವರ ಮೂರು ವರ್ಷದ ಡಿಗ್ರಿ 2021ಕ್ಕೇ ಮುಗಿದಿತ್ತು. ಆ ಸ್ಥಾನ ಗಳಿಸಿದವರಲ್ಲಿ ಬಹುಪಾಲು ಜನ ಕಾಲೇಜಲ್ಲೇ ಇರಲಿಲ್ಲ. ಆದರೂ ಲೆಡ್ಜರ್ ಪುಟ ಹಾಗೇ ಇತ್ತು. ಹೊಸಬರು ಅವರ ಬ್ಯಾಲೆನ್ಸ್ ಮೇಲೆ ಕೂತು ಹುಟ್ಟು ಹಾಕಿದರು.

ಇದನ್ನ ಓದಿದ ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಯಾಕೆ ಅಂತ ಹೇಳ್ತೀನಿ. ಫೈನಲ್ ಇಯರ್‌ನಲ್ಲಿ ನಾನು ನಮ್ಮ ಕಾಲೇಜ್ ವಾಲಿಬಾಲ್ ಟೀಮ್ ಕ್ಯಾಪ್ಟನ್ ಆಗಿದ್ದೆ. ಪ್ರತಿ ವರ್ಷ ಹೊಸ ಟೂರ್ನಮೆಂಟ್, ಹೊಸ ಡ್ರಾ. ಆ ವರ್ಷ ಎರಡನೇ ರೌಂಡಲ್ಲಿ ಸೋತ್ವಿ. ನೆಟ್ ಮಡಚಿ, ಎರಡು ಚೆಂಡು ಬೀರುವಿನಲ್ಲಿಟ್ಟು, ಬೀಗದ ಕೀ ಆಫೀಸಿಗೆ ಕೊಟ್ಟು ಬಂದೆ. ಗ್ರೌಂಡ್ ಬುಕ್ ಮಾಡೋಕೆ ಯಾರನ್ನ ಕೇಳಬೇಕು, ಟಿಎ ಬಿಲ್ ಹೇಗೆ ಬರೀಬೇಕು, ಯಾರ ಸರ್ವ್ ತಿದ್ದಬೇಕು, ಒಂದನ್ನೂ ಜೂನಿಯರ್ಸ್‌ಗೆ ಹೇಳಿಕೊಡಲಿಲ್ಲ. ನಾವು ಸೋತಿದ್ವಿ, ನಮ್ಮ ಕತೆ ಮುಗೀತು ಅನ್ಕೊಂಡೆ. ಮುಂದಿನ ವರ್ಷ ಒಬ್ಬ ಹುಡುಗ ಫೋನ್ ಮಾಡಿ, "ಅಣ್ಣಾ, ಟೀಮ್ ಹೆಸರೇ ಕಳಿಸಿಲ್ವಂತೆ, ಲಾಸ್ಟ್ ಡೇಟ್ ನಮಗೆ ಗೊತ್ತಿರಲಿಲ್ಲ" ಅಂದ. ತಪ್ಪು ಅವನದಲ್ಲ. ಕ್ಯಾರಿ ಫಾರ್ವರ್ಡ್ ಮಾಡದೆ ಪುಸ್ತಕ ಮುಚ್ಚಿದವನು ನಾನು.

ಕ್ಯಾಮ್ ನದಿಯಲ್ಲಿ ಚಮಚ ತಗೊಂಡ ತಂಡವೂ ಮುಂದಿನವರಿಗೆ ಒಂದು ಸ್ಥಾನ ಬಿಟ್ಟು ಹೋಗುತ್ತೆ. ಕೆಳಗಿನದೇ ಇರಬಹುದು, ಆದರೆ ಅಲ್ಲೊಂದು ದೋಣಿ ನಿಂತಿರುತ್ತೆ.

ಈಗ ಕಾಲೇಜಲ್ಲಿರೋರು, ಯಾವುದಾದರೂ ಟೀಮು, ನಾಟಕದ ಗುಂಪು, ಎನ್‌ಎಸ್‌ಎಸ್ ಯೂನಿಟ್ ನೋಡ್ಕೊಳ್ತಿರೋರು, ಈ ಎಪಿಸೋಡ್ ಮುಗಿದ ಮೇಲೆ ಒಂದು ಕೆಲಸ ಮಾಡಿ. ನಿಮಗೆ ಗೊತ್ತಿರೋದನ್ನ ಒಂದು ಪುಟದಲ್ಲಿ ಬರೆದು ಜೂನಿಯರ್ ಒಬ್ಬರ ವಾಟ್ಸಾಪ್‌ಗೆ ಹಾಕಿ. ನಾನೂ ಆ ಹುಡುಗನಿಗೆ ಮೊನ್ನೆ ಫೋನ್ ಮಾಡಿದ್ದೆ. ಅವನೀಗ ಕೆಲಸದಲ್ಲಿದ್ದಾನೆ, ನಕ್ಕುಬಿಟ್ಟ. ಆದರೆ ಆ ವರ್ಷದ ಟೂರ್ನಮೆಂಟ್ ಅವನಿಗೆ ವಾಪಸ್ ಬರಲ್ಲ.

ಮುಂದಿನ ವಾರ ಸಿಗೋಣ. ನಮಸ್ಕಾರ.