ವಾಹನ ದುರಸ್ತಿಯ ನಂತರದ ಹಾನಿ ಮತ್ತು ಹೊಣೆಗಾರಿಕೆ (ಭಾರತ)

ದುರಸ್ತಿಗೆಂದು ಗ್ಯಾರೇಜಿಗೆ ಒಪ್ಪಿಸಿದ ಕಾರನ್ನು ಮರಳಿ ಪಡೆದ ಮೇಲೆ ಅದರಲ್ಲಿ ಹೊಸ ಗೀರು, ನೆಗ್ಗು, ಒಡೆದ ದೀಪ ಅಥವಾ ಎಂಜಿನ್ ದೋಷ ಕಂಡುಬಂದಾಗ ಅದಕ್ಕೆ ಹೊಣೆ ಯಾರು ಎಂಬ ವಿವಾದ ಏಳುತ್ತದೆ. ಹಾನಿ ಮೊದಲೇ ಇತ್ತೆಂದು ಗ್ಯಾರೇಜಿನವರೂ, ಇರಲಿಲ್ಲವೆಂದು ಮಾಲೀಕರೂ ವಾದಿಸುವುದು ಇಂತಹ ವಿವಾದಗಳ ಸಾಮಾನ್ಯ ಸ್ವರೂಪ. ಭಾರತದಲ್ಲಿ ಇವುಗಳಿಗೆ ಮುಖ್ಯವಾಗಿ ಭಾರತೀಯ ಒಪ್ಪಂದ ಕಾಯ್ದೆ, 1872 ಮತ್ತು ಗ್ರಾಹಕರ ಸಂರಕ್ಷಣಾ ಕಾಯ್ದೆ, 2019 ಅನ್ವಯಿಸುತ್ತವೆ.

ಕಾನೂನಿನ ಆಧಾರ

ಒಂದು ಉದ್ದೇಶಕ್ಕಾಗಿ ವಸ್ತುವನ್ನು ಮತ್ತೊಬ್ಬರ ವಶಕ್ಕೆ ಕೊಟ್ಟು, ಉದ್ದೇಶ ಪೂರೈಸಿದ ಮೇಲೆ ಅದನ್ನು ಹಿಂತಿರುಗಿಸಬೇಕೆಂಬ ಒಪ್ಪಂದಕ್ಕೆ ಕಾನೂನಿನಲ್ಲಿ ಬೇಯ್ಲ್‌ಮೆಂಟ್ ಎಂದು ಹೆಸರು. ಒಪ್ಪಂದ ಕಾಯ್ದೆಯ 148ನೇ ಪ್ರಕರಣವು ಇದನ್ನು ವಿವರಿಸುತ್ತದೆ. ದುರಸ್ತಿಗೆ ಕಾರನ್ನು ಬಿಡುವುದು ಇದಕ್ಕೆ ಸ್ಪಷ್ಟ ಉದಾಹರಣೆ. ಸಾಧಾರಣ ವಿವೇಕವುಳ್ಳ ವ್ಯಕ್ತಿಯು ಅಂತಹದೇ ಸ್ವಂತ ವಸ್ತುವನ್ನು ಎಷ್ಟು ಎಚ್ಚರದಿಂದ ನೋಡಿಕೊಳ್ಳುವನೋ ಅಷ್ಟೇ ಎಚ್ಚರವನ್ನು ವಸ್ತುವನ್ನು ಪಡೆದವರು ವಹಿಸಬೇಕೆಂದು 151ನೇ ಪ್ರಕರಣ ವಿಧಿಸುತ್ತದೆ. ಆ ಎಚ್ಚರ ವಹಿಸಿಯೂ ಹಾನಿಯಾದರೆ, ವಿಶೇಷ ಕರಾರು ಇಲ್ಲದಿದ್ದಲ್ಲಿ, ಅವರು ಹೊಣೆಗಾರರಲ್ಲ (152ನೇ ಪ್ರಕರಣ). ಪರೀಕ್ಷಾ ಚಾಲನೆಯ ವೇಳೆ ಕೆಲಸಗಾರನ ಅಜಾಗರೂಕತೆಯಿಂದಾದ ಹಾನಿಗೆ ಗ್ಯಾರೇಜಿನ ಮಾಲೀಕರು ಉತ್ತರದಾಯಿಗಳಾಗುತ್ತಾರೆ.

ರುಜುವಾತಿನ ಹೊಣೆ

ಹಾನಿ ಗ್ಯಾರೇಜಿನೊಳಗೆ ಹೇಗೆ ಆಯಿತೆಂಬುದನ್ನು ಮಾಲೀಕರು ಕಂಡಿರುವುದಿಲ್ಲ. ಆದುದರಿಂದ ರುಜುವಾತಿನ ಹೊಣೆ ಎರಡು ಹಂತಗಳಲ್ಲಿ ಹಂಚಿಹೋಗುತ್ತದೆ. ವಾಹನವನ್ನು ಒಪ್ಪಿಸುವಾಗ ಅದು ಸುಸ್ಥಿತಿಯಲ್ಲಿತ್ತೆಂದು ಮಾಲೀಕರು ಮೊದಲು ತೋರಿಸಬೇಕು. ಅನಂತರ, ತಾನು ತಕ್ಕ ಎಚ್ಚರ ವಹಿಸಿದ್ದೆನೆಂದು ತೋರಿಸುವುದು ಗ್ಯಾರೇಜಿನ ಪಾಲಿಗೆ ಬರುತ್ತದೆ.

ತಾಜ್ ಮಹಲ್ ಹೋಟೆಲ್ ವಿರುದ್ಧ ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಪ್ರಕರಣದಲ್ಲಿ (2019) ಸರ್ವೋಚ್ಚ ನ್ಯಾಯಾಲಯವು ಇದೇ ತತ್ತ್ವವನ್ನು ಅನ್ವಯಿಸಿತು. ದೆಹಲಿಯ ಹೋಟೆಲೊಂದರ ಸಿಬ್ಬಂದಿಗೆ ನಿಲುಗಡೆಗಾಗಿ ಒಪ್ಪಿಸಿದ್ದ ಕಾರು 1998ರಲ್ಲಿ ಕಳುವಾಗಿತ್ತು. ನಿಲುಗಡೆಯ ಚೀಟಿಯಲ್ಲಿ ಹೊಣೆ ಮಾಲೀಕರದೇ ಎಂದು ಮುದ್ರಿಸಿದ್ದರೂ, ಸ್ವಂತ ಅಥವಾ ಸಿಬ್ಬಂದಿಯ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲು ಅದರ ಬಲದಿಂದ ತಪ್ಪಿಸಿಕೊಳ್ಳಲಾಗದೆಂದು ನ್ಯಾಯಾಲಯ ಹೇಳಿತು. ಇದು ಗ್ಯಾರೇಜಿನ ಪ್ರಕರಣವಲ್ಲದಿದ್ದರೂ, ಜಾಬ್ ಕಾರ್ಡಿನ ಹಿಂಬದಿಯಲ್ಲಿ ಮುದ್ರಿತವಾಗಿರುವ ಇಂತಹ ಷರತ್ತುಗಳನ್ನು ಪ್ರಶ್ನಿಸಲು ಆಧಾರವಾಗಬಲ್ಲುದು.

ಮಹತ್ವದ ದಾಖಲೆಗಳು

* ಜಾಬ್ ಕಾರ್ಡ್: ವಾಹನ ಪಡೆದ ದಿನಾಂಕ, ಓಡಿದ ಕಿಲೋಮೀಟರು, ಇಂಧನದ ಮಟ್ಟ ಹಾಗೂ ಮೊದಲೇ ಇದ್ದ ಗೀರು-ನೆಗ್ಗುಗಳ ಗುರುತು ಇದರಲ್ಲಿರುತ್ತದೆ. ಇಲ್ಲಿ ನಮೂದಾಗದ ಹಾನಿಯನ್ನು ಹಳೆಯದೆಂದು ವಾದಿಸುವುದು ಗ್ಯಾರೇಜಿಗೆ ಕಷ್ಟ.
* ಛಾಯಾಚಿತ್ರಗಳು: ಒಪ್ಪಿಸುವಾಗ ಮತ್ತು ಮರಳಿ ಪಡೆಯುವಾಗ ನಾಲ್ಕೂ ಬದಿಗಳಿಂದ ತೆಗೆದ, ದಿನಾಂಕವುಳ್ಳ ಚಿತ್ರಗಳು.
* ಲಿಖಿತ ದೂರು: ಹಾನಿ ಕಂಡ ಕೂಡಲೇ ಕಳುಹಿಸಿದ ಪತ್ರ ಅಥವಾ ಮಿಂಚಂಚೆ. ವಿಳಂಬವಾದಷ್ಟೂ ಹಾನಿ ರಸ್ತೆಯಲ್ಲಿ ಆಗಿರಬಹುದೆಂಬ ವಾದಕ್ಕೆ ಬಲ ಬರುತ್ತದೆ.
* ಸ್ವತಂತ್ರ ಪರಿಶೀಲನಾ ವರದಿ: ಎಣ್ಣೆ ಬದಲಿಸಿದ ಮೇಲೆ ಸರಿಯಾಗಿ ಬಿಗಿಯದ ಡ್ರೈನ್ ಪ್ಲಗ್‌ನಿಂದ ಎಣ್ಣೆ ಸೋರಿ ಎಂಜಿನ್ ಕೆಡುವಂತಹ ಒಳದೋಷಗಳಲ್ಲಿ ಇದು ಅಗತ್ಯ. ಬೇರೆಡೆ ದುರಸ್ತಿ ಮಾಡಿಸುವ ಮೊದಲೇ ಇದನ್ನು ಪಡೆಯದಿದ್ದರೆ ಸಾಕ್ಷ್ಯ ನಾಶವಾಗುತ್ತದೆ.

ಬಿಲ್ಲು ಪಾವತಿ

ಹಾನಿಯ ಕಾರಣದಿಂದ ಬಿಲ್ಲನ್ನು ಪೂರ್ತಿ ನಿರಾಕರಿಸುವುದು ಅಪಾಯಕರ. 170ನೇ ಪ್ರಕರಣದಂತೆ, ವಿರುದ್ಧವಾದ ಕರಾರು ಇಲ್ಲದಿದ್ದರೆ, ಶ್ರಮ ಅಥವಾ ಕೌಶಲ ವಿನಿಯೋಗಿಸಿದವರು ಆ ಸೇವೆಗೆ ತಕ್ಕ ಪ್ರತಿಫಲ ದೊರೆಯುವವರೆಗೆ ವಸ್ತುವನ್ನು ತಡೆಹಿಡಿಯಬಹುದು. ಬಿಲ್ಲಿನ ಮೇಲೆ ಅಥವಾ ಪತ್ರದಲ್ಲಿ ಆಕ್ಷೇಪಣೆಯನ್ನು ಬರೆದು ಹಣ ಪಾವತಿಸಿದರೆ ವಾಹನವೂ ಕೈಸೇರುತ್ತದೆ, ಹಾನಿಯನ್ನು ಒಪ್ಪಿಕೊಂಡಂತೆಯೂ ಆಗುವುದಿಲ್ಲ.

ಪರಿಹಾರದ ಮಾರ್ಗ

ಅಜಾಗರೂಕ ದುರಸ್ತಿಯು ಗ್ರಾಹಕ ಕಾಯ್ದೆಯಡಿ ಸೇವಾ ನ್ಯೂನತೆ ಎನಿಸುತ್ತದೆ. ಮಾಲೀಕರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ವಕೀಲರ ನೇಮಕ ಕಡ್ಡಾಯವಲ್ಲ. ಸೇವೆಗೆ ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ವಾಣಿಜ್ಯ ಉದ್ದೇಶದ ವಾಹನಗಳು ಈ ಕಾಯ್ದೆಯ ಹೊರಗಿದ್ದರೂ, ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಟ್ಯಾಕ್ಸಿ ಓಡಿಸುವವರು ಗ್ರಾಹಕರೇ ಆಗಿರುತ್ತಾರೆ. ದೂರಿಗೆ ಮುನ್ನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರ ಮೂಲಕ ರಾಜಿಗೆ ಯತ್ನಿಸಬಹುದು. ಆಯೋಗವು ಸಾಮಾನ್ಯವಾಗಿ ಪ್ರಮಾಣಪತ್ರ ಹಾಗೂ ದಾಖಲೆಗಳ ಆಧಾರದ ಮೇಲೆಯೇ ತೀರ್ಮಾನಿಸುತ್ತದೆ. ಅದರ ಆದೇಶದ ವಿರುದ್ಧ 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.